ನೋವಿನ ಮಾತ್ರೆ ಮತ್ತು ಕಟ್ಟಿದ ಹೊಟ್ಟೆ

ದೇರಳಕಟ್ಟೆಯ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಉಳ್ಳಾಲದ ಮನೆಗೆ ಮರಳುವ ಹಿರಿಯರ ಮದ್ದಿನ ಚೀಲದಲ್ಲಿ ಮಾರ್ಫಿನ್ ಮಾತ್ರೆ ಇರುವುದುಂಟು. ಬೆನ್ನುನೋವು, ಗಂಟುನೋವಿಗೆ ತಿಂಗಳುಗಟ್ಟಲೆ ಟ್ರಮಡಾಲ್ ನುಂಗುವವರೂ ಇದ್ದಾರೆ. ಇವೆರಡೂ ಅಫೀಮಿನ ಗುಂಪಿಗೆ ಸೇರಿದ ಮದ್ದುಗಳು. 2018ರಿಂದ ಟ್ರಮಡಾಲ್ ಕೂಡ ಮಾದಕ ವಸ್ತು ನಿಯಂತ್ರಣ ಕಾನೂನಿನಡಿ ಬಂದಿದೆ. ಚಟವಾದೀತೆಂಬ ಭಯ ಎಲ್ಲರಿಗೂ ಇದೆ. ಕರುಳಿಗೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ.

ನೋವು ತಗ್ಗಿಸಲು ಈ ಮದ್ದು ಮೆದುಳಿನಲ್ಲಿ ಹೋಗಿ ಕೂರುವಂತಹ ತಾಣಗಳು ಕರುಳಿನ ಗೋಡೆಯಲ್ಲೂ ಇವೆ. ಅಲ್ಲಿ ಕೂತರೆ ಕರುಳಿನ ಅಲುಗಾಟ ನಿಧಾನವಾಗುತ್ತದೆ, ಒಳಗೆ ಒಸರುವ ದ್ರವ ಕಡಿಮೆಯಾಗುತ್ತದೆ. ಮಲ ಹೆಚ್ಚು ಹೊತ್ತು ಒಳಗೇ ಉಳಿದು ನೀರೆಲ್ಲ ಹೀರಿ ಗಟ್ಟಿಯಾಗುತ್ತದೆ. ಮದ್ದು ಶುರು ಮಾಡಿದಾಗಿನ ವಾಕರಿಕೆ, ತೂಕಡಿಕೆ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆ ಹಾಗಲ್ಲ. ದೇಹ ಅದಕ್ಕೆ ಹೊಂದಿಕೊಳ್ಳುವುದಿಲ್ಲ, ಮದ್ದು ಇರುವಷ್ಟು ದಿನವೂ ಅದು ಇರುತ್ತದೆ.

ಮನೆಯವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಉಮ್ಮ ಒಂದು ವಾರದಿಂದ ಸರಿಯಾಗಿ ಎರಡಕ್ಕೆ ಹೋಗಿಲ್ಲ. ಎಂಟನೇ ದಿನ ನೀರಿನಂತೆ ಸ್ವಲ್ಪ ಸ್ವಲ್ಪ ಹೋಗತೊಡಗುತ್ತದೆ, ಬಟ್ಟೆ ಒದ್ದೆಯಾಗುತ್ತದೆ. ಅಲ್ ಹಮ್ದುಲಿಲ್ಲಾಹ್, ಹೊಟ್ಟೆ ಬಿಟ್ಟಿತು ಎಂದು ಮನೆಯವರಿಗೆ ಸಮಾಧಾನ. ಮರುದಿನವೂ ನಿಲ್ಲದಿದ್ದರೆ ಭೇದಿಯೆಂದು ತಿಳಿದು ಅಂಗಡಿಯಿಂದ ಲೋಪೆರಮೈಡ್ ತರುತ್ತಾರೆ. ನಿಜಕ್ಕೂ ಅದು ಭೇದಿಯೇ ಅಲ್ಲ. ಕೆಳಗೆ ಕಲ್ಲಿನಂತೆ ಗಟ್ಟಿಯಾದ ಮಲದ ಸುತ್ತಲಿಂದ ಮೇಲಿನ ನೀರು ಜಿನುಗುತ್ತಿರುತ್ತದೆ, ಅಷ್ಟೆ. ಲೋಪೆರಮೈಡ್ ಕೂಡ ಅಫೀಮಿನ ಗುಂಪಿನದೇ, ಕರುಳನ್ನು ಇನ್ನಷ್ಟು ನಿಲ್ಲಿಸುತ್ತದೆ.

ಆ ಗಡ್ಡೆ ಒತ್ತಿದ ಜಾಗದಲ್ಲಿ ಕರುಳಿನ ಗೋಡೆಗೆ ರಕ್ತ ಹೋಗದೆ ಹುಣ್ಣಾಗಬಹುದು, ಹುಣ್ಣು ತೂತಾಗಲೂಬಹುದು. ಹಾಗಾಗುವುದು ಅಪರೂಪ, ಆದರೆ ಆದರೆ ಪ್ರಾಣಕ್ಕೇ ಅಪಾಯ. ಮಾರ್ಫಿನ್ ತೆಗೆದುಕೊಳ್ಳುವವರಿಗೆ ಆ ನೋವು ಪೂರ್ತಿ ಗೊತ್ತಾಗದೆಯೂ ಇರಬಹುದು. ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ, ವಾಂತಿಯಾದರೆ, ಗಾಳಿಯೂ ಹೋಗದಿದ್ದರೆ, ಜ್ವರ ಬಂದರೆ ಮನೆಯಲ್ಲಿ ಭೇದಿ ಮದ್ದು ಕುಡಿಸಬೇಡಿ. ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಕೆಲವರಿಗೆ ಮಾತ್ರೆ ಹೆಚ್ಚಿಸಿದಷ್ಟೂ ಹೊಟ್ಟೆನೋವು ಹೆಚ್ಚುತ್ತದೆ. ನೋವಿಗೆ ಮದ್ದೇ ಕಾರಣವೆಂದು ತಿಳಿಯದೆ ಮತ್ತೊಂದು ಮಾತ್ರೆ ನುಂಗುತ್ತಾರೆ. ಇದನ್ನು ವೈದ್ಯರೇ ಗುರುತಿಸಿ ಮದ್ದನ್ನು ಹಂತಹಂತವಾಗಿ ಇಳಿಸಬೇಕು. ನೀವಾಗಿಯೇ ಥಟ್ಟನೆ ನಿಲ್ಲಿಸಿದರೆ ಬೇರೆ ತೊಂದರೆ ಶುರುವಾಗುತ್ತದೆ.

ಪರಿಹಾರ ಸರಳ. ನೋವಿನ ಮೊದಲ ಮಾತ್ರೆಯ ಜೊತೆಗೇ ಮಲ ಸಡಿಲಿಸುವ ಮದ್ದನ್ನೂ ಕೇಳಿ ಪಡೆಯಬೇಕು, ಹೊಟ್ಟೆ ಕಟ್ಟುವವರೆಗೆ ಕಾಯಬಾರದು. ಸಾಮಾನ್ಯವಾಗಿ ಲ್ಯಾಕ್ಟುಲೋಸ್, ಬೈಸಕೊಡಿಲ್ ಅಥವಾ ಸೋನಾಮುಖಿಯಿಂದ ಮಾಡಿದ ಸೆನ್ನಾ ಮಾತ್ರೆ ಕೊಡುತ್ತಾರೆ. ಪ್ರವಾದಿ ವೈದ್ಯದ ಗ್ರಂಥಗಳಲ್ಲಿ 'ಸನಾ' ಎಂದು ಬರುವುದು ಈ ಗಿಡವೇ. ಇಸಬ್‌ಗೋಲು ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಆದರೆ ಹಾಸಿಗೆ ಹಿಡಿದ, ನೀರು ಕುಡಿಯಲಾಗದ ರೋಗಿಗೆ ಅದು ಒಳಗೆ ಅಂಟಾಗಿ ಕಟ್ಟಿಕೊಳ್ಳಬಹುದು. ಗಂಜಿ ನೀರು, ಬಸಳೆ ಸಾರು ಕೊಡಿ, ಆದರೆ ಅಷ್ಟರಿಂದಲೇ ಈ ಮಲಬದ್ಧತೆ ಹೋಗದು.

ಅಡ್ಡ ಬರುವುದು ನಾಚಿಕೆ. ಮಾವನ ಬಳಿ ಸೊಸೆ ಇದನ್ನು ಕೇಳುವುದು ಹೇಗೆ? ಮಗನಿಗೂ ಮುಜುಗರ. ನಾಚಿಕೆ ಅಡ್ಡ ಬರಗೊಡದೆ ದೀನ್ ಕಲಿತ ಅನ್ಸಾರ್ ಮಹಿಳೆಯರನ್ನು ಆಯಿಶಾ (ರ) ಹೊಗಳಿದ್ದರು. ರೋಗಿಯ ವಿಷಯದಲ್ಲೂ ಆ ಧೈರ್ಯ ನಮಗಿರಲಿ. ಮಾತನಾಡುವುದು ಕಷ್ಟವಾದರೆ ಗೋಡೆಯ ಕ್ಯಾಲೆಂಡರಿನಲ್ಲಿ ಹೋದ ದಿನಕ್ಕೊಂದು ಗುರುತು ಹಾಕಲು ರೋಗಿಗೇ ಹೇಳಿ. ಮೂರು ದಿನ ಖಾಲಿಯಿದ್ದರೆ ವೈದ್ಯರಿಗೆ ಫೋನ್ ಮಾಡಿ. ರಮಝಾನಿನಲ್ಲಿ ನೀರು ಕುಡಿಯದ ಹೊತ್ತು ಹೆಚ್ಚು, ಮಾತ್ರೆಯ ಸಮಯವೂ ಬದಲಾಗುತ್ತದೆ. ಇಂತಹ ರೋಗಿ ಉಪವಾಸ ಹಿಡಿಯಬಹುದೇ ಎಂದು ಶಅಬಾನಿನಲ್ಲೇ ವೈದ್ಯರನ್ನೂ ಉಸ್ತಾದರನ್ನೂ ಕೇಳಿಕೊಳ್ಳಿ.