ಗುರ್ಲಾಪುರ ಕ್ರಾಸಿನಲ್ಲಿ ಅಪ್ಪ, ಜರ್ಮನಿಯಲ್ಲಿ ತಮ್ಮ, ನಡುವೆ ನನ್ನ ಫೋನು

2025ರ ನವೆಂಬರ್ ಮೊದಲ ವಾರ. ಬೆಂಗಳೂರಿನ ಆಫೀಸಿನಲ್ಲಿ ಕೂತು ನಾನು ಫೋನಿನಲ್ಲಿ ಎರಡೇ ಎರಡು ವಿಷಯ ನೋಡ್ತಿದ್ದೆ. ಒಂದು ಯೂರೋ ರೇಟು. ಇನ್ನೊಂದು ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನ ಸುದ್ದಿ. ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ರೈತರು ಅಲ್ಲಿ ಹಗಲು ರಾತ್ರಿ ಕೂತಿದ್ದರು. ನಮ್ಮಪ್ಪನೂ ಅವರ ನಡುವೆ ಇದ್ದ.

ಅದೇ ಹೊತ್ತಿಗೆ ತಮ್ಮನ ಮೆಸೇಜು: "ಅಕ್ಕಾ, ಡಿಸೆಂಬರ್‌ದಾಗ ಪರ್ಮಿಟ್ ರಿನ್ಯೂ ಮಾಡಸ್ಬೇಕು. ರೊಕ್ಕ ತೋರಸ್ಬೇಕು."

ಜರ್ಮನಿಗೆ ಓದಲು ಹೋಗುವವರಿಗೆ ಇದು ಗೊತ್ತಿರುತ್ತೆ. ಬ್ಲಾಕ್ಡ್ ಅಕೌಂಟ್ ಅಂತ ಒಂದು ಖಾತೆ. ವರ್ಷದ ಖರ್ಚು 11,904 ಯೂರೋ ಮೊದಲೇ ಹಾಕಿಡಬೇಕು, ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಸಿಗುತ್ತೆ. ಮೊದಲ ವರ್ಷದ್ದನ್ನು ಹೇಗೋ ಹೊಂದಿಸಿದ್ದೆವು. ಎರಡನೇ ವರ್ಷದ್ದು ಕಬ್ಬಿನ ಬಿಲ್ಲಿನಲ್ಲಿ ಅಂತ ಅಪ್ಪ ಹೇಳಿದ್ದ. ಯೂರೋ ಆಗಲೇ ನೂರು ರೂಪಾಯಿ ದಾಟಿತ್ತು. ಒಟ್ಟು ಹನ್ನೆರಡೂಕಾಲು ಲಕ್ಷ.

ಅಪ್ಪನಿಗೆ ಫೋನ್ ಮಾಡಿದೆ. ಹಿಂದೆ ಘೋಷಣೆ ಕೇಳಿಸ್ತಿತ್ತು. "ಕಬ್ಬ ಇನ್ನಾ ಹೊಲದಾಗ ನಿಂತೈತಿ ಯವ್ವಾ. ನಾ ಇಲ್ಲಿಂದ ಎದ್ದು ಹೋಗಿ ಕಬ್ಬ ಕಡಸಿದ್ರ ಮಂದಿ ಏನಂದಾರು?" ಅಂದ. ನನಗೆ ಮಾತೇ ಹೊರಡಲಿಲ್ಲ. ದುಡ್ಡು ಬೇಗ ಬರಲಿ ಅಂತ ಕೇಳೋದು ಹೇಗೆ? ಅವನು ಕೂತಿದ್ದೂ ದುಡ್ಡಿಗಾಗೇ ಅಲ್ವಾ?

ರಾತ್ರಿ ತಮ್ಮನಿಗೆ ವಿಡಿಯೋ ಕಾಲ್ ಮಾಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಅವನ ಪಾರ್ಟ್‌ಟೈಮ್ ಕೆಲಸ ಸೆಪ್ಟೆಂಬರ್‌ನಲ್ಲೇ ಹೋಗಿದೆ. ಎರಡು ತಿಂಗಳಿಂದ "ಎಲ್ಲಾ ಛಲೋ ಐತಿ" ಅಂತಾನೇ ಹೇಳ್ತಾ ಬಂದಿದ್ದ. ಖಾತೆಯಲ್ಲಿ ಉಳಿದಿದ್ದು 140 ಯೂರೋ. ಇದನ್ನೂ ಅವನು ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಅವನ ಫ್ಲಾಟ್‌ಮೇಟ್ ಚೀನೀ ಹುಡುಗ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿಬಿಟ್ಟ.

ಈ ಹುಡುಗನ ಬಗ್ಗೆ ಹೇಳಲೇಬೇಕು. ಹದಿನೈದನೇ ವಯಸ್ಸಿಗೇ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆ ಸೇರಿದವನು. ಅಲ್ಲಿ ಅವನ ಅಪ್ಪ ಅಮ್ಮ ದುಡ್ಡನ್ನು ಅವನ ಕೈಗೆ ಕೊಟ್ಟೇ ಇರಲಿಲ್ಲವಂತೆ. ಫೀಸು ನೇರ ಶಾಲೆಗೆ, ಉಳಿದದ್ದು ಆ ಊರಿನ ಗಾರ್ಡಿಯನ್ ಹತ್ತಿರ. ಶನಿವಾರಕ್ಕೊಮ್ಮೆ ಪಾಕೆಟ್ ಮನಿ. ಮುಗಿದರೆ ಮುಗಿಯಿತು, ಮುಂದಿನ ಶನಿವಾರದ ತನಕ ಕಾಯಬೇಕು. ಚೀನಾದಲ್ಲಿ ಒಬ್ಬ ವ್ಯಕ್ತಿಗೆ ವರ್ಷಕ್ಕೆ ವಿದೇಶಿ ಹಣ ಕೊಳ್ಳುವ ಕೋಟಾ 50,000 ಡಾಲರ್, ಅದನ್ನೂ ನೋಡಿಕೊಂಡೇ ಮನೆಯವರು ಫೀಸು ಕಟ್ಟುತ್ತಿದ್ದರಂತೆ. ನಮ್ಮ ಆರ್‌ಬಿಐ ಮಿತಿ 2,50,000 ಡಾಲರ್, ಐದು ಪಟ್ಟು. ಮಿತಿ ದೊಡ್ಡದು, ನಮ್ಮ ಜೇಬು ಸಣ್ಣದು, ಅಷ್ಟೇ!

ತಮ್ಮ ಜರ್ಮನಿಗೆ ಹೋದ ಹೊಸದರಲ್ಲಿ ರೇಡಿಯೋ-ಟಿವಿ ಶುಲ್ಕದ ಪತ್ರ ಬಂದಿತ್ತು, ತಿಂಗಳಿಗೆ 18.36 ಯೂರೋ. ಇವನು ಗಾಬರಿಯಾಗಿ ಕಟ್ಟಲು ಹೊರಟಿದ್ದ. "ಒಂದು ಮನೆಗೆ ಒಂದೇ ಶುಲ್ಕ. ನಾನು ಕಟ್ತಾ ಇದೀನಿ, ಅರ್ಧ ಕೊಡು ಸಾಕು" ಅಂದವನು ಇದೇ ಹುಡುಗ.

ದುಡ್ಡು ಹೊಂದಿಸಿದ ಕತೆ ಚಿಕ್ಕದು. ಎಜುಕೇಷನ್ ಲೋನಿನಲ್ಲಿ ಬಾಕಿಯಿದ್ದ 6 ಲಕ್ಷ ಬಿಡಿಸಿಕೊಂಡೆವು. ನನ್ನ ಎಫ್‌ಡಿ ಮುರಿದು 3 ಲಕ್ಷ. ಮದುವೆಗೆ ಅಂತ ಇಟ್ಟಿದ್ದು, ಅವ್ವನಿಗೆ ಹೇಳಿರಲಿಲ್ಲ, ಈಗ ಇದನ್ನು ಓದಿ ಗೊತ್ತಾಗುತ್ತೆ. ಉಳಿದ ಮೂರೂಕಾಲು ಲಕ್ಷ ಹುಕ್ಕೇರಿಯ ಸೋದರಮಾವ ಕೊಟ್ಟರು, ಬಿಲ್ಲು ಬಂದ ಮೇಲೆ ವಾಪಸ್ ಎಂಬ ಮಾತಿನ ಮೇಲೆ.

ಇಲ್ಲಿ ಒಂದು ಮಾತು ನಿಮಗೂ ಉಪಯೋಗಕ್ಕೆ ಬರಬಹುದು. ಸ್ವಂತ ದುಡ್ಡನ್ನು ವರ್ಷಕ್ಕೆ 10 ಲಕ್ಷಕ್ಕಿಂತ ಹೆಚ್ಚು ವಿದೇಶಕ್ಕೆ ಕಳಿಸಿದರೆ, ಹೆಚ್ಚಿನ ಮೊತ್ತಕ್ಕೆ ಬ್ಯಾಂಕು ಟಿಸಿಎಸ್ ಹಿಡಿಯುತ್ತೆ. ಓದಿಗಾದರೆ ಆಗಿನ ದರ ಶೇ. 5. ಬ್ಯಾಂಕಿನ ಎಜುಕೇಷನ್ ಲೋನಿನ ದುಡ್ಡಿಗೆ 2025ರ ಏಪ್ರಿಲ್‌ನಿಂದ ಅದು ಇಲ್ಲ. ಪೂರ್ತಿ ಮೊತ್ತ ನಮ್ಮದೇ ಆಗಿದ್ದರೆ 11,250 ರೂಪಾಯಿ ಹಿಡೀತಿದ್ರು. ರಿಟರ್ನ್ಸ್ ತುಂಬಿದಾಗ ಅದು ವಾಪಸ್ ಸಿಗುತ್ತೆ ನಿಜ, ಆದರೆ ಆ ವಾರ ನಮಗೆ ಹನ್ನೊಂದು ಸಾವಿರವೂ ದೊಡ್ಡದೇ.

ನವೆಂಬರ್ 7ಕ್ಕೆ ಸರ್ಕಾರ ಟನ್ನಿಗೆ 3,300 ಅಂತ ತೀರ್ಮಾನ ಹೇಳಿತು. ಅಪ್ಪ ಮನೆಗೆ ಬಂದ. ನಾಲ್ಕು ಎಕರೆ, ಸುಮಾರು 160 ಟನ್. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಇನ್ನೂರರ ಫರಕು, ಅಂದರೆ 32,000. ನಾನು ಸುಮ್ಮನೆ ಯೂರೋಗೆ ತಿರುಗಿಸಿ ನೋಡಿದೆ. ತಮ್ಮನ ಒಂಬತ್ತು ದಿನದ ಖರ್ಚು.

ನಾನು ಗೋಕಾಕದ ಹಾಸ್ಟೆಲ್‌ನಲ್ಲಿದ್ದಾಗ ಅಪ್ಪ ತಿಂಗಳಿಗೊಮ್ಮೆ ಬಸ್ಸಿಳಿದು ಬಂದು, ಕರದಂಟಿನ ಪೊಟ್ಟಣದ ಜೊತೆ ನೂರರ ನೋಟು ಕೊಟ್ಟು ಹೋಗ್ತಿದ್ದ. ಕಡಿಮೆ ಬಿದ್ದರೂ ನಾನು ಹೇಳ್ತಿರಲಿಲ್ಲ. ತಮ್ಮನಿಗೆ ಬೈಯಲು ಹೋಗಿ ಅದು ನೆನಪಾಗಿ ಸುಮ್ಮನಾದೆ.

ಈಗ ಅವನೂ ವಾರದ ಲೆಕ್ಕಕ್ಕೆ ಬಂದಿದ್ದಾನೆ. ಬಾಡಿಗೆ, ಇನ್ಶೂರೆನ್ಸ್ ಕಳೆದು ಉಳಿದಿದ್ದನ್ನು ನಾಲ್ಕು ಪಾಲು ಮಾಡ್ತಾನೆ. ಅದು ಚೀನೀ ಹುಡುಗ ಕಲಿಸಿದ್ದು. ಶನಿವಾರ ರಾತ್ರಿ ಮೂವರೂ ಕಾಲ್‌ನಲ್ಲಿ ಸೇರ್ತೀವಿ. ಅಪ್ಪ ಮೊದಲು ಕೇಳೋದು ಒಂದೇ: "ಈ ವಾರದ್ದು ಎಷ್ಟ ಉಳೀತು? ಖರೇ ಹೇಳ."