ಹಳೆಯ ಪತ್ರಿಕೆಯ ಆಣೆ

ಹಳೆಯ ಪತ್ರಿಕೆಯ ಮಳೆ-ಬೆಳೆ ಸುದ್ದಿಯಲ್ಲಿ ‘ಜೋಳದ ಬೆಳೆ ನಾಲ್ಕಾಣೆ’ ಅಂತ ಇದ್ದರೆ ಅದು ಜೋಳದ ರೇಟು ಅಲ್ಲ! ಆಗ ರೂಪಾಯಿಗೆ 16 ಆಣೆ. ಹಾಗೇ ಪೂರ್ತಿ ಬೆಳೆಗೂ 16 ಆಣೆ ಅಂತ ಲೆಕ್ಕ. ನಾಲ್ಕಾಣೆ ಅಂದ್ರೆ ಕಾಲು ಭಾಗ ಬಂತು, ಮುಕ್ಕಾಲು ಹೋಯ್ತು. ಇದಕ್ಕೆ ಆಣೆವಾರಿ ಎನ್ನುವರು.

ನಮ್ಮ ಧಾರವಾಡ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ ಬೆಳೆ ನಾಲ್ಕಾಣೆಗಿಂತ ಕಡಿಮೆಯಾದರೆ ಆ ವರ್ಷದ ಕಂದಾಯ ವಸೂಲಿ ಮುಂದಕ್ಕೆ ಹಾಕಬೇಕಿತ್ತು. ಅದೇ ಪ್ರಾಂತ್ಯದ ಖೇಡಾ ಜಿಲ್ಲೆಯಲ್ಲಿ 1918ರಲ್ಲಿ ರೈತರು ನಾಲ್ಕಾಣೆಗಿಂತ ಕಡಿಮೆ ಅಂದರು, ಸರಕಾರ ಜಾಸ್ತಿ ಅಂತು. ಗಾಂಧೀಜಿಯ ಖೇಡಾ ಸತ್ಯಾಗ್ರಹ ನಡೆದದ್ದು ಇದೇ ಲೆಕ್ಕದ ಜಗಳಕ್ಕೆ. ಒಂದೆರಡಾಣೆಗೆ ಎಷ್ಟು ಬೆಲೆ ನೋಡಿ!

ನಾಟಕ ಕಂಪನಿಯ ಜಾಹೀರಾತಿನಲ್ಲಿ ಬರುವ ಆಣೆ ಮಾತ್ರ ನಿಜವಾದ ರೊಕ್ಕ, ಟಿಕೆಟಿನ ದರ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ಆಮೇಲೆ ರೂಪಾಯಿಗೆ 100 ಪೈಸೆ.