ಓಣಿಯವರೇ ತೆಗೆದ ಓಣಿಯ ಚಿತ್ರಗಳು

ಛಾಯಾಚಿತ್ರ ತೆಗೆಯುವದು ಇಂದು ಯಾರಿಗೂ ಹೊಸ ವಿದ್ಯೆಯಲ್ಲ. ನಮ್ಮ ಕಾಲೇಜಿನ ಅಂಗಳದಲ್ಲಿ ನಿಂತು ನೋಡಿದರೆ ಪ್ರತಿಯೊಬ್ಬರ ಕಿಸೆಯಲ್ಲಿಯೂ ಒಂದೊಂದು ಕ್ಯಾಮರಾ ಇದೆ. ಮದುವೆ, ಜಾತ್ರೆ, ಸ್ನೇಹಸಮ್ಮೇಳನ ಎಂದು ದಿನಕ್ಕೆ ನೂರಾರು ಚಿತ್ರ ತೆಗೆಯುತ್ತೇವೆ. ಫೋನು ಕೆಟ್ಟ ದಿನ ಎಲ್ಲವನ್ನೂ ಒಮ್ಮೆಲೆ ಕಳೆದುಕೊಳ್ಳುತ್ತೇವೆ. ಇಷ್ಟಾದರೂ, ನಾವು ಹುಟ್ಟಿ ಬೆಳೆದ ಓಣಿ ಇಪ್ಪತ್ತು ವರ್ಷಗಳ ಹಿಂದೆ ಹೇಗಿತ್ತೆಂದು ಯಾರಾದರೂ ಕೇಳಿದರೆ ತೋರಿಸಲು ಒಂದು ಚಿತ್ರ ನಮ್ಮಲ್ಲಿ ಬಹುಮಂದಿಯ ಹತ್ತಿರ ಇಲ್ಲ.

ಈ ಕೊರತೆಯನ್ನು ಒಂದು ಓಣಿಯ ಮಟ್ಟಿಗಾದರೂ ತುಂಬಬೇಕೆಂದು ನಾವು ಏಳು ಮಂದಿ ಗೆಳೆಯ ಗೆಳತಿಯರು ಕಳೆದ ವರ್ಷ ಹಳೇ ಹುಬ್ಬಳ್ಳಿಯ ಕಡೆಯ ಒಂದು ಓಣಿಯಲ್ಲಿ ಛಾಯಾಚಿತ್ರಗಳ ಸಂಗ್ರಹ ಮಾಡಿದೆವು. ಇಂಥ ಕೆಲಸ ನಮಗೆಲ್ಲ ಮೊದಲನೆಯದು. ಅದನ್ನು ಹೇಗೆ ಮಾಡಿದಿರಿ ಎಂದು ಕೆಲವು ಸಹಪಾಠಿಗಳೂ ಒಬ್ಬಿಬ್ಬರು ಗುರುಗಳೂ ಕೇಳಿದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಓಣಿಯ ಹೆಸರನ್ನು ಮಾತ್ರ ಹೇಳುವದಿಲ್ಲ. ಚಿತ್ರಗಳು ತಮ್ಮಲ್ಲಿ ಇರಲಿ, ಹೆಸರು ಅಚ್ಚಾಗುವದು ಬೇಡ ಎಂಬುದು ಅಲ್ಲಿಯವರ ಇಚ್ಛೆ. ಅದಕ್ಕೆ ಒಪ್ಪಿಯೇ ನಾವು ಕೆಲಸ ಮಾಡಿದ್ದೇವೆ.

ನಾಲ್ಕಾರು ಜನ ಕೂಡಿ ಒಂದು ಸೀಮೆಯ ಚಿತ್ರಗಳನ್ನು ಸಂಗ್ರಹಿಸುವ ಉದ್ಯೋಗಕ್ಕೆ ನಮ್ಮ ಭಾಗದಲ್ಲಿಯೇ ಹಳೆಯ ಚರಿತ್ರೆ ಉಂಟು. ೧೮೬೬ರಲ್ಲಿ ಲಂಡನ್ನಿನಲ್ಲಿ 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್' ಎಂಬ ದೊಡ್ಡ ಗ್ರಂಥ ಪ್ರಕಟವಾಯಿತು. ಅದರ ಹೆಸರಿನಲ್ಲಿಯೇ ನಮ್ಮ ಧಾರವಾಡವಿದೆ. ಚಿತ್ರಗಳನ್ನು ತೆಗೆದವರು ಮೂವರು: ಡಾ. ಪಿಗೂ, ನೀಲ್ ಮತ್ತು ಕರ್ನಲ್ ಬಿಗ್ಸ್. ಇವರಲ್ಲಿ ಪಿಗೂ ಸರಕಾರದ ವೈದ್ಯರು, ಬಿಗ್ಸ್ ಫಿರಂಗಿದಳದವರು. ಚಿತ್ರಗಳಿಗೆ ಇತಿಹಾಸವನ್ನು ಬರೆದವರು ಸುರಪುರದಲ್ಲಿ ಆಡಳಿತ ನಡೆಸಿ ಹೆಸರಾದ ಮೆಡೋಸ್ ಟೇಲರ್. ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗ್ಯೂಸನ್ನರದು. ಚಿತ್ರ ತೆಗೆಯುವವರು ಕೆಲವರು, ಅದರ ಕೆಳಗೆ ಬರೆಯುವವರು ಬೇರೆ ಕೆಲವರು, ಎರಡೂ ಸೇರಿದರೆ ಸಂಗ್ರಹ ಎಂಬ ಕ್ರಮ ಅಂದೇ ಇತ್ತು.

ಇಂಥ ಚಿತ್ರಗಳಿಂದ ಪ್ರಯೋಜನವೇನು ಎಂಬುದಕ್ಕೆ ಹಂಪಿಯನ್ನು ನೋಡಬೇಕು. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಚಿತ್ರಗಳನ್ನು ತೆಗೆದನು. ವಿಠ್ಠಲ ದೇವಾಲಯದ ಕಲ್ಲಿನ ರಥ ನಮಗೆಲ್ಲ ಪರಿಚಿತವಾದದ್ದು. ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದು ಇಲ್ಲ. ಆ ಶಿಖರದ ರೂಪವನ್ನು ನಾವು ಇಂದು ಇಂಥ ಹಳೆಯ ಚಿತ್ರಗಳಲ್ಲಿ ನೋಡಬೇಕು. ಮುಂದೆ ೧೯೮೦ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟರೆ ಯಾವುದು ಉಳಿದಿದೆ, ಯಾವುದು ಹೋಗಿದೆ ಎಂಬುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಆದರೆ ಕಲ್ಲಿನ ಚಿತ್ರ ತೆಗೆದಂತೆ ಮನುಷ್ಯರ ಚಿತ್ರ ತೆಗೆದರೆ ಏನಾಗುತ್ತದೆ? ೧೮೬೮ರಿಂದ ೧೮೭೫ರ ವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳು ಹೊರಬಂದವು. ಅವುಗಳಲ್ಲಿ ನಾಲ್ಕುನೂರಕ್ಕೂ ಮಿಕ್ಕಿ ಚಿತ್ರಗಳಿವೆ. ಚಿತ್ರದಲ್ಲಿದ್ದವನ ಜಾತಿ ಯಾವುದು, ಪಂಗಡ ಯಾವುದು ಎಂಬುದನ್ನು ಮುಖ್ಯವಾಗಿ ಬರೆದಿದ್ದಾರೆ. ಬಹಳಷ್ಟು ಕಡೆ ಆತನ ಹೆಸರೇ ಇಲ್ಲ. ಆತ ಒಂದು ಮಾದರಿಯಾಗಿ ನಿಂತ, ಮನುಷ್ಯನಾಗಿ ಅಲ್ಲ. ಆ ಸಂಪುಟಗಳು ಆತನ ಮನೆಯ ವರೆಗೆ ಬರಲೂ ಇಲ್ಲ.

ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ೧೯೯೦ರ ದಶಕದ ಮೊದಲಲ್ಲಿ ಚೀನದ ಯುನ್ನಾನ್ ಪ್ರಾಂತದಲ್ಲಿ ಹಿಡಿದರು. ಕ್ಯಾರೊಲಿನ್ ವಾಂಗ್, ಮೇರಿ ಆನ್ ಬರಿಸ್ ಮತ್ತು ಅವರ ಸಂಗಡಿಗರು ಅಲ್ಲಿಯ ಹಳ್ಳಿಯ ಹೆಣ್ಣುಮಕ್ಕಳ ಕೈಗೇ ಕ್ಯಾಮರಾ ಕೊಟ್ಟರು. ಚಿತ್ರ ತೆಗೆಯುವವರೂ ಅವರೇ, ಅದರ ಅರ್ಥ ಹೇಳುವವರೂ ಅವರೇ. ಹೊಲದ ಕೆಲಸ, ಮಕ್ಕಳ ಪಾಲನೆ, ಬಾಣಂತನ, ಹುಡುಗಿಯರ ಓದು ಇವೆಲ್ಲ ಚಿತ್ರಗಳ ಮೂಲಕ ಅಧಿಕಾರಿಗಳ ಮುಂದೆ ಬಂದವು. ಈ ಪದ್ಧತಿಗೆ 'ಫೋಟೋವಾಯ್ಸ್' ಎಂಬ ಹೆಸರು ಬಂತು. ನಾವು ನಮ್ಮ ಕೆಲಸಕ್ಕೆ ಹಂಪಿಯಿಂದ ಜಾಗವನ್ನು ಗುರುತಿಟ್ಟುಕೊಳ್ಳುವದನ್ನೂ, ಯುನ್ನಾನಿನಿಂದ ಕ್ಯಾಮರಾವನ್ನು ಬಿಟ್ಟುಕೊಡುವದನ್ನೂ ಕಲಿತೆವು.

ಇನ್ನು ಕೆಲಸದ ಕ್ರಮ. ಮೊದಲು ಮೇರೆಯನ್ನು ಗೊತ್ತುಮಾಡಬೇಕು. ಇಡೀ ಅವಳಿ ನಗರದ ಚಿತ್ರ ತೆಗೆಯುತ್ತೇವೆಂದರೆ ಯಾವುದೂ ಮುಗಿಯುವದಿಲ್ಲ. ಒಂದು ಓಣಿ, ಒಂದು ಕೆರೆಯ ದಂಡೆ, ಒಂದು ಸಂತೆ, ಇಷ್ಟು ಸಾಕು. ಮೂರು ತಿಂಗಳಲ್ಲಿ ಪ್ರತಿಯೊಂದು ಮನೆಗೂ ಎರಡು ಸಲ ಹೋಗಲು ಆಗುವಷ್ಟೇ ದೊಡ್ಡದಿರಬೇಕು. ಮೊದಲ ಸಲ ಹೋಗುವದು ಮಾತಾಡಲಿಕ್ಕೆ. ಆಗ ಕ್ಯಾಮರಾವನ್ನು ಹೊರಗೆ ತೆಗೆಯಬಾರದು.

ಈ ಮೊದಲನೆಯ ಭೇಟಿಯೇ ಎಲ್ಲಕ್ಕೂ ಬುನಾದಿ. ನಾವು ಓಣಿಯ ಹಿರಿಯರನ್ನು ಗುಡಿಯ ಕಟ್ಟೆಯ ಮೇಲೆ ಕೂಡಿಸಿ ನಮ್ಮ ವಿಚಾರವನ್ನು ಹೇಳಿದೆವು. ಎಲ್ಲರೂ ತಲೆಯಾಡಿಸಿದರು. ಕೊನೆಗೆ ಒಬ್ಬ ಅಜ್ಜಿ ಕೇಳಿದಳು: "ತಮ್ಮಾ, ಫೋಟೋ ತೆಗೀರಿ, ಬ್ಯಾಡನ್ನಂಗಿಲ್ಲ. ಆದರ ಆ ಫೋಟೋ ಯಾರ ಮನ್ಯಾಗ ಇರತೈತಿ?" ನಾವು ತಯಾರಿಸಿಕೊಂಡು ಹೋಗಿದ್ದ ಪ್ರಶ್ನೆಗಳಲ್ಲಿ ಇದಕ್ಕಿಂತ ದೊಡ್ಡದು ಒಂದೂ ಇರಲಿಲ್ಲ. ಆ ಹೊತ್ತಿಗೇ ಮೂರು ಮಾತು ಗೊತ್ತಾದವು: ಪ್ರತಿಯೊಂದು ಮನೆಗೆ ಅದರ ಚಿತ್ರದ ಒಂದು ಪ್ರಿಂಟು ಕೊಡಬೇಕು, ಮನೆಯವರು ಬೇಡವೆಂದ ಚಿತ್ರವನ್ನು ಅಳಿಸಬೇಕು, ಅವರನ್ನು ಕೇಳದೆ ಯಾವುದನ್ನೂ ಹೊರಗೆ ಪ್ರಕಟಿಸಬಾರದು. ಇವನ್ನು ಒಂದು ಹಾಳೆಯ ಮೇಲೆ ಸರಳ ಕನ್ನಡದಲ್ಲಿ ಬರೆದು, ಓದಿ ಹೇಳಿ, ಒಪ್ಪಿದವರ ಸಹಿ ಪಡೆದೆವು.

ಕಾಯಿದೆಯ ಮಾತೂ ತಿಳಿದಿರಬೇಕು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರವನ್ನು ತೆಗೆದವನೇ ಅದರ ಕರ್ತೃ. ಹಣ ಕೊಟ್ಟು ಸ್ಟುಡಿಯೋದಲ್ಲಿ ತೆಗೆಯಿಸಿದ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಯಿಸಿದವರಿಗೆ ಸೇರುತ್ತದೆ. ಆದರೆ ಕಾಯಿದೆ ನಮ್ಮ ಕಡೆಗಿದೆ ಎಂದ ಮಾತ್ರಕ್ಕೆ ಒಬ್ಬರ ಮುಖವನ್ನು ಊರಿಗೆಲ್ಲ ತೋರಿಸುವ ಅಧಿಕಾರ ನಮಗೆ ಬಂತೆಂದು ತಿಳಿಯಬಾರದು. ಖಡಕ್ ರೊಟ್ಟಿ ಬಡಿದು ಮಾರುವ ಒಬ್ಬ ತಾಯಿ, "ಕೈ ತೆಗೀರಿ, ಮಾರಿ ಬ್ಯಾಡ" ಎಂದರು. ನಾವು ಕೈಗಳನ್ನಷ್ಟೇ ತೆಗೆದೆವು. ನಮ್ಮ ಸಂಗ್ರಹದಲ್ಲಿ ಅದು ಒಳ್ಳೆಯ ಚಿತ್ರಗಳಲ್ಲೊಂದು.

ಎರಡನೆಯದು ಕಲಿಸುವದು. ಓಣಿಯಲ್ಲಿ ಆಸೆಯುಳ್ಳ ಹತ್ತೆಂಟು ಜನರನ್ನು, ಶಾಲೆಯ ಹುಡುಗಿಯರಿಂದ ಹಿಡಿದು ಪೆನ್ಶನ್ ಪಡೆಯುವವರ ವರೆಗೆ, ಮೂರು ಸಂಜೆ ಕೂಡಿಸಿದೆವು. ಹೇಳಿದ್ದು ಇಷ್ಟೇ: ಬೆಳಕು ಬೆನ್ನ ಹಿಂದೆಯಾಗಲಿ ಪಕ್ಕದಲ್ಲಾಗಲಿ ಇರಲಿ, ಫೋನಿನಲ್ಲಿ ದೂರದ್ದನ್ನು ಎಳೆದು ಹಿಗ್ಗಿಸುವ ಬದಲು ಎರಡು ಹೆಜ್ಜೆ ಮುಂದೆ ಹೋಗಿರಿ, ಒಂದು ಚಿತ್ರ ದೂರದಿಂದ, ಒಂದು ಹತ್ತಿರದಿಂದ, ಒಂದು ಕೆಲಸ ಮಾಡುವ ಕೈಯದು, ಫೋನಿನ ತಾರೀಖು ಸರಿಯಾಗಿದೆಯೇ ನೋಡಿರಿ. ಇದಕ್ಕಿಂತ ಹೆಚ್ಚು ಹೇಳಿದರೆ ಅವರ ಕಣ್ಣಿನ ಬದಲು ನಮ್ಮ ಕಣ್ಣೇ ಕೆಲಸ ಮಾಡತೊಡಗುತ್ತದೆ.

ಕಣ್ಣು ಕಣ್ಣಿಗೆ ಎಷ್ಟು ಅಂತರವೆಂಬುದು ಮೊದಲ ವಾರವೇ ತಿಳಿಯಿತು. ನಾವು ವಿದ್ಯಾರ್ಥಿಗಳು ಕೆತ್ತನೆಯ ಬಾಗಿಲು, ಹಂಚಿನ ಮಾಡು, ಕಟ್ಟೆಯ ಮೇಲಿನ ಮುದುಕರು ಇಂಥವನ್ನು ತೆಗೆದಿದ್ದೆವು. ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಏಳು ಚಿತ್ರ ತಂದಳು. ಏಳೂ ನಳಕ್ಕೆ ನೀರು ಬರುವ ದಿನದವು. ಸಾಲಾಗಿ ಇಟ್ಟ ಕೊಡಗಳು, ತುಂಬಿದ ಬ್ಯಾರಲ್ಲು, ನಿದ್ದೆಗಣ್ಣಿನಲ್ಲಿ ಪೈಪು ಹಿಡಿದ ಅವಳ ಅವ್ವ. ಹಲವು ದಿನಗಳಿಗೊಮ್ಮೆ ನೀರು ಬರುವದನ್ನೇ ನೋಡುತ್ತ ಬೆಳೆದ ನಮ್ಮ ಊರಿನವರ ಬಾಳು ಅಲ್ಲಿತ್ತು. ನಮಗೆ ಅದು ಚಿತ್ರಕ್ಕೆ ತಕ್ಕದ್ದೆಂದೇ ತೋರಿರಲಿಲ್ಲ.

ಮೂರನೆಯದು ಹಳೆಯ ಚಿತ್ರಗಳು. ಟ್ರಂಕಿನಲ್ಲಿ, ದೇವರ ಮಾಡದ ಪಕ್ಕದಲ್ಲಿ, ಕಟ್ಟು ಹಾಕಿದ ಗಾಜಿನ ಹಿಂದೆ ಇವು ಇರುತ್ತವೆ. ಅವುಗಳನ್ನು ಮನೆಯಿಂದ ಒಯ್ಯಬಾರದು. ಅಲ್ಲಿಯೇ ಕಿಟಕಿಯ ನೆರಳು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಕ್ಯಾಮರಾವನ್ನು ಚಿತ್ರಕ್ಕೆ ನೇರವಾಗಿ ಹಿಡಿದು ಪ್ರತಿ ತೆಗೆಯಬೇಕು. ಗಾಜಿಗೆ ಅಂಟಿಕೊಂಡದ್ದನ್ನು ಕೀಳಬಾರದು. ಹಿಂಬದಿಯನ್ನೂ ತಪ್ಪದೆ ತೆಗೆಯಬೇಕು. ತಾರೀಖು, ಸ್ಟುಡಿಯೋದ ಮುದ್ರೆ ಅಲ್ಲಿಯೇ ಇರುತ್ತವೆ.

ತಾರೀಖು ಬರೆಯದ ಚಿತ್ರದ ಕಾಲವನ್ನು ಅಂದಾಜು ಮಾಡಲು ನಮ್ಮ ಊರಿನಲ್ಲಿ ಕೆಲವು ಗುರುತುಗಳುಂಟು. ಸ್ಟುಡಿಯೋದ ಮುದ್ರೆಯಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಆ ಮುದ್ರೆ ೧೯೭೨ರ ಆಗಸ್ಟ್ ೧೫ಕ್ಕಿಂತ ಹಿಂದಿನದಲ್ಲ, ಏಕೆಂದರೆ ಆ ಪದ್ಧತಿ ಬಂದದ್ದು ಅಂದು. ಅಂಗಡಿಯ ಹಲಗೆಯಲ್ಲಿ ದರ ಆಣೆಯಲ್ಲಿದ್ದರೆ ಅದು ಬಹುಶಃ ೧೯೫೭ರಲ್ಲಿ ನಯೇ ಪೈಸೆ ಬರುವ ಮುಂಚಿನ ಚಿತ್ರ. ಸರಕಾರಿ ಹಲಗೆಯಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ ಅದನ್ನು ಬರೆದದ್ದು ೧೯೫೬ರ ನವೆಂಬರಿನಿಂದ ೧೯೭೩ರ ನವೆಂಬರಿನ ನಡುವೆ. ಅದಕ್ಕೆ ಮುಂಚೆ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಹುಬ್ಬಳ್ಳಿ, ಧಾರವಾಡ ಎರಡಕ್ಕೂ ಒಂದೇ ಮಹಾನಗರ ಪಾಲಿಕೆಯ ಹೆಸರು ಕಂಡರೆ ಅದು ೧೯೬೨ರಿಂದ ಈಚಿನದು. ಇವುಗಳಿಂದ ವರ್ಷ ನಿಖರವಾಗಿ ಸಿಗದಿದ್ದರೂ ಮೇಲಿನ ಅಥವಾ ಕೆಳಗಿನ ಮೇರೆ ಸಿಗುತ್ತದೆ.

ನಾಲ್ಕನೆಯದು ವಹಿ. ಚಿತ್ರಕ್ಕೊಂದು ಕ್ರಮಾಂಕ, ಅದರ ಮುಂದೆ ಯಾರು, ಎಲ್ಲಿ, ಎಂದು, ತೆಗೆದವರು ಯಾರು, ಹೇಳಿದವರು ಯಾರು, ಒಪ್ಪಿಗೆ ಎಷ್ಟರ ಮಟ್ಟಿಗೆ, ಇಷ್ಟು ಅಂಕಣಗಳು. ಹೆಸರನ್ನು ಅವರು ಹೇಳಿದಂತೆಯೇ ಬರೆಯಬೇಕು. ಮನೆಯಲ್ಲಿ 'ದೊಡ್ಡಪ್ಪ' ಎಂದೇ ಕರೆಯುತ್ತಿದ್ದರೆ ಅದನ್ನೂ ಬರೆದು ಪಕ್ಕದಲ್ಲಿ ಪೂರ್ಣ ಹೆಸರು ಬರೆಯಬೇಕು. ಬೇಸರದ ಕೆಲಸವೆಂದು ಇದನ್ನು ಬಿಟ್ಟರೆ ಉಳಿಯುವದು ಮುಖಗಳು ಮಾತ್ರ.

ಐದನೆಯದು ಪ್ರದರ್ಶನ. ಅದು ಮೊದಲು ಓಣಿಯಲ್ಲಿಯೇ ಆಗಬೇಕು, ಕಾಲೇಜಿನ ಸಭಾಗೃಹದಲ್ಲಿ ಅಲ್ಲ. ನಾವು ಒಂದು ರವಿವಾರ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಪ್ರಿಂಟುಗಳನ್ನು ತೂಗುಹಾಕಿ, ಪ್ರತಿಯೊಂದರ ಕೆಳಗೆ ಖಾಲಿ ಹಾಳೆಯನ್ನೂ ಪೆನ್ಸಿಲ್ಲನ್ನೂ ಇಟ್ಟೆವು. ಜನರು ಓದಿದರು, ನಕ್ಕರು, ತಿದ್ದಿದರು. ಅಲ್ಲಿ ರೇಲ್ವೆ ವರ್ಕ್‌ಶಾಪಿನ ಕೆಲಸಗಾರರ ಒಂದು ಹಳೆಯ ಗುಂಪಿನ ಚಿತ್ರವಿತ್ತು. ಮುಂದೆ ಇಟ್ಟ ಹಲಗೆಯ ಮೇಲೆ ಎಂ. ಅಂಡ್ ಎಸ್. ಎಂ. ಎಂಬ ಅಕ್ಷರಗಳು. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೇಲ್ವೆ ೧೯೫೧ರಲ್ಲಿ ದಕ್ಷಿಣ ರೇಲ್ವೆಯಲ್ಲಿ ಕೂಡಿಹೋದದ್ದರಿಂದ ಚಿತ್ರ ಅದಕ್ಕಿಂತ ಹಿಂದಿನದು. ಚಿತ್ರ ಕೊಟ್ಟ ಮನೆಯವರಿಗೆ ತಮ್ಮ ಅಜ್ಜನ ಗುರುತೊಂದೇ ಗೊತ್ತಿತ್ತು. ಎಂಬತ್ತು ದಾಟಿದ ಒಬ್ಬ ಹಿರಿಯರು ಬಂದು ಬಹಳ ಹೊತ್ತು ಅದರ ಮುಂದೆ ನಿಂತರು. ಆ ಮೇಲೆ ಎರಡನೆಯ ಸಾಲಿನಲ್ಲಿ ಎಡದಿಂದ ಮೂರನೆಯವರ ಮೇಲೆ ಬೆರಳಿಟ್ಟು, "ಇಂವಾ ನಮ್ಮಪ್ಪ" ಎಂದರು. ಅವರ ಮನೆಯಲ್ಲಿ ತಂದೆಯ ಚಿತ್ರ ಒಂದೂ ಇರಲಿಲ್ಲ. ಮರುದಿನ ನಾವು ಅದರ ಪ್ರತಿಯನ್ನು, ತಂದೆಯ ಮುಖವನ್ನು ಬೇರೆಯಾಗಿ ದೊಡ್ಡದು ಮಾಡಿದ ಪ್ರಿಂಟಿನ ಜೊತೆಗೆ, ಅವರಿಗೆ ಒಯ್ದು ಕೊಟ್ಟೆವು. ವಹಿಯಲ್ಲಿ ಆ ಕ್ರಮಾಂಕದ ಮುಂದೆ ಎರಡನೆಯ ಹೆಸರು ಸೇರಿತು. ಉಳಿದವರ ಸ್ಥಳ ಇನ್ನೂ ಖಾಲಿ ಇದೆ.

ಕೊನೆಯದು ಕಾಪಾಡುವದು. ನಾವು ಮೂರು ಪ್ರತಿ ಮಾಡಿದ್ದೇವೆ: ಒಂದು ಓಣಿಯವರು ಆರಿಸಿದವರ ಹತ್ತಿರ, ಒಂದು ನಮ್ಮಲ್ಲಿ, ಒಂದು ಬೇರೆ ಊರಿನಲ್ಲಿರುವ ಗೆಳೆಯನ ಮನೆಯಲ್ಲಿ. ಒಂದೇ ಮನೆಯಲ್ಲಿ ಮೂರು ಪ್ರತಿ ಇದ್ದರೆ ಒಂದು ಮಳೆಗಾಲಕ್ಕೆ ಮೂರೂ ಹೋಗಬಹುದು. ವಹಿಯನ್ನು ಕಾಗದದ ಮೇಲೂ ಉಳಿಸಿದ್ದೇವೆ. ವರ್ಷಕ್ಕೊಮ್ಮೆ ಎಲ್ಲವೂ ತೆರೆಯುತ್ತವೆಯೇ ಎಂದು ನೋಡಿ, ಹೊಸ ಯಂತ್ರಕ್ಕೆ ವರ್ಗಾಯಿಸಬೇಕು.

ನಮ್ಮ ಅವಳಿ ನಗರ ಬೇಗನೆ ಬದಲಾಗುತ್ತಿದೆ. ೨೦೧೮ರಲ್ಲಿ ಚಿಗರಿ ಬಸ್ಸುಗಳು ಓಡತೊಡಗುವ ಮುನ್ನ ಹುಬ್ಬಳ್ಳಿ ಧಾರವಾಡಗಳ ನಡುವಿನ ರಸ್ತೆಯನ್ನು ಅಗಲ ಮಾಡಿದರು. ಆ ರಸ್ತೆಯ ಹಳೆಯ ಸ್ವರೂಪವನ್ನು ನೆನೆಯುವವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಬದಲಾವಣೆ ಬೇಡವೆಂದು ನಾನು ಹೇಳುತ್ತಿಲ್ಲ. ರಸ್ತೆ ಅಗಲವಾಗಲಿ, ನಳಕ್ಕೆ ದಿನಾಲು ನೀರು ಬರಲಿ. ಆದರೆ ಹೋದದ್ದು ಹೇಗಿತ್ತು, ಅಲ್ಲಿ ಬಾಳಿದವರು ಯಾರು ಎಂಬುದನ್ನು ಹೇಳುವ ಹಕ್ಕು ಅಲ್ಲಿಯವರ ಕೈಯಲ್ಲಿಯೇ ಉಳಿಯಬೇಕು. ಅದಕ್ಕೆ ಬೇಕಾದದ್ದು ದುಬಾರಿ ಕ್ಯಾಮರಾ ಅಲ್ಲ; ಒಂದು ವಹಿ, ಒಂದು ಪೆನ್ಸಿಲ್ಲು, ಒಂದೇ ಮನೆಗೆ ಎರಡು ಸಲ ಹೋಗುವ ತಾಳ್ಮೆ. ಮುಂದಿನ ವರ್ಷ ಧಾರವಾಡದ ಕಡೆಯ ಒಂದು ಓಣಿಯನ್ನು ಹಿಡಿಯುವ ವಿಚಾರವಿದೆ. ಬರಲು ಇಚ್ಛೆಯುಳ್ಳ ಸಹಪಾಠಿಗಳು ಮೊದಲ ದಿನ ಕ್ಯಾಮರಾ ತರುವದು ಬೇಡ, ವಹಿಯನ್ನು ತಂದರೆ ಸಾಕು.